ಚಿತ್ರತುರಗ ಮತ್ತು ಡೀಸೆಲ್ ಎಂಜಿನ್

ಕಂಪ್ಯೂಟರ್ ಆಟಕ್ಕೆಂದು ರೂಪಿಸಿದ ಡಬ್ಲ್ಯುಡಿಎಂ-2 ರೈಲು ಎಂಜಿನ್ ನಿಜವೋ ಹುಸಿಯೋ? ಇಂಥ ಪ್ರಶ್ನೆಗೆ ಕಾವ್ಯಮೀಮಾಂಸೆಯಲ್ಲಿ ಹಳೆಯ ಉತ್ತರವೊಂದಿದೆ. ಚಿತ್ರದ ಕುದುರೆಯನ್ನು ಕಂಡಾಗ ಹುಟ್ಟುವ ‘ಇದು ಕುದುರೆ’ ಎಂಬ ಅರಿವು ಸತ್ಯವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯೂ ಅಲ್ಲ ಎಂದ ಕಾವ್ಯಮೀಮಾಂಸಕ ಶಂಕುಕ. ಅಭಿನವಗುಪ್ತನ ವ್ಯಾಖ್ಯಾನದಲ್ಲಿ ಉಳಿದುಬಂದ ಈ ವಾದವೇ ಚಿತ್ರತುರಗನ್ಯಾಯ.

2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಎಂಬ ಆಟ ಈ ವಾದವನ್ನು ತೊಡಕಾಗಿಸುತ್ತದೆ. ಅಲ್ಲಿ ಎಂಜಿನ್ನಿನ ಆಕಾರ ಒಂದು ಕಡತ, ಬಣ್ಣ ಮತ್ತೊಂದು, ಸ್ವಭಾವ ಇನ್ನೊಂದು. ಉದ್ದ ಮೂತಿ, ಬದಿಯ ಕಂಬಿ, ಹೊಗೆಗೊಳವೆಯ ಸುತ್ತ ಕಟ್ಟಿದ ಮಸಿ ಮೊದಲೆರಡರಲ್ಲಿ. 2,600 ಅಶ್ವಶಕ್ತಿ, ಸುಮಾರು 112 ಟನ್ ತೂಕ, ಬ್ರೇಕಿನ ಬಿಗಿ ಮೂರನೆಯದರಲ್ಲಿ, ಬರಿಯ ಅಂಕಿಗಳಾಗಿ. ಶಕ್ತಿಯ ಅಂಕಿಯನ್ನು ಇಳಿಸಿದರೆ ನೋಟ ಕಿಂಚಿತ್ತೂ ಬದಲಾಗದು. ಏರಿನಲ್ಲಿ ಮಾತ್ರ ಎಂಜಿನ್ ಸೋಲುತ್ತದೆ. ಚಿತ್ರದ ಕುದುರೆ ಯಾವ ಭಾರವನ್ನೂ ಎಳೆಯದು. ಈ ಎಂಜಿನ್ ತನ್ನ ಲೋಕದೊಳಗೆ ಎಳೆಯುತ್ತದೆ. ಶಂಕುಕನ ಉಪಮೆ ಇಲ್ಲಿ ಸಾಲದು.

ನಟ ರಾಮನನ್ನು ಅನುಕರಿಸುತ್ತಾನೆ ಎಂಬ ಶಂಕುಕನ ಮತಕ್ಕೆ ಅಭಿನವಗುಪ್ತನ ಗುರು ಭಟ್ಟತೌತನ ಆಕ್ಷೇಪ ಇನ್ನೂ ಹರಿತವಾದದ್ದು: ಮೂಲ ರಾಮನನ್ನು ಯಾರೂ ಕಂಡಿಲ್ಲ, ಹಾಗಿದ್ದಮೇಲೆ ನಟನದು ಅನುಕರಣೆಯೆಂದು ಹೇಳುವುದು ಹೇಗೆ? ಈ ಎಂಜಿನ್ನಿಗೂ ಒಂದೇ ಮೂಲವಿಲ್ಲ. ಅಮೆರಿಕದ ಆಲ್ಕೊ ವಿನ್ಯಾಸವನ್ನು 1964ರಿಂದ ವಾರಾಣಸಿಯಲ್ಲಿ ತಯಾರಿಸಲಾಯಿತು. ಹಳಿಯ ಮೇಲಿನ ಪ್ರತಿಯೊಂದು ಎಂಜಿನ್ನೂ ಒಂದು ನಕ್ಷೆಯ ಪ್ರತಿ. ಮಾದರಿಕಾರನೂ ಅದೇ ನಕ್ಷೆಯನ್ನು ಅನುಸರಿಸುತ್ತಾನೆ, ಉಕ್ಕಿನ ಬದಲು ಅಂಕಿಗಳಲ್ಲಿ.