ಅಂತಃಸಾಕ್ಷಿಯೂ ಅಡ್ಡಮತವೂ

ಒಂದು ಪಕ್ಷದ ಹೆಸರಿನಲ್ಲಿ ಗೆದ್ದುಬಂದ ಪ್ರತಿನಿಧಿಯು ಎದುರು ಪಾಳಯದ ಅಭ್ಯರ್ಥಿಗೆ ಮತ ಹಾಕಿದರೆ ಪತ್ರಿಕೆಗಳು ಅದನ್ನು ಅಡ್ಡಮತದಾನ ಎನ್ನುತ್ತವೆ. ಹಾಕಿದವರು ಆತ್ಮಸಾಕ್ಷಿಯ ಮತ ಎನ್ನುತ್ತಾರೆ. ಒಂದೇ ಕ್ರಿಯೆಗಿರುವ ಈ ಎರಡು ಹೆಸರುಗಳ ನಡುವೆ ಹಳೆಯದೊಂದು ಧರ್ಮಜಿಜ್ಞಾಸೆ ಅಡಗಿದೆ: ಕೊಟ್ಟ ಮಾತಿಗೂ ಒಳಗಿನ ತೀರ್ಮಾನಕ್ಕೂ ಹೊಂದದಿದ್ದಾಗ ಯಾವುದು ಪ್ರಮಾಣ, ಅಂದರೆ ಯಾವುದನ್ನು ನಂಬಿ ನಡೆಯಬೇಕು?

ಭಾರತದಲ್ಲಿ ಈ ಪ್ರಶ್ನೆ ಬಿರುಸಾಗಿ ಎದ್ದದ್ದು 1969ರ ರಾಷ್ಟ್ರಪತಿ ಚುನಾವಣೆಯಲ್ಲಿ. ಕನ್ನಡ ನಾಡಿಗೆ ಆ ಪ್ರಸಂಗ ದೂರದ್ದೇನೂ ಅಲ್ಲ. ಕಾಂಗ್ರೆಸ್ಸಿನ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಪಕ್ಕದ ಅನಂತಪುರ ಜಿಲ್ಲೆಯವರು. ಪಕ್ಷದ ಅಧ್ಯಕ್ಷರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ, ಸ್ವತಂತ್ರವಾಗಿ ನಿಂತ ವಿ.ವಿ. ಗಿರಿ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಅಭ್ಯರ್ಥಿಯ ಹೆಸರು ತೀರ್ಮಾನವಾದದ್ದೂ ಬೆಂಗಳೂರಿನಲ್ಲಿಯೇ. ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದ ಪ್ರಧಾನಿ ಇಂದಿರಾ ಗಾಂಧಿಯವರು ಮತದಾನ ಹತ್ತಿರವಾದಾಗ ಪಕ್ಷದ ಅಭ್ಯರ್ಥಿಯ ಪರವಾಗಿ ಸೂಚನೆ ಹೊರಡಿಸಲು ಒಪ್ಪದೆ, ಸಂಸದರೂ ಶಾಸಕರೂ ತಮ್ಮ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದರು.

ಈ ಚುನಾವಣೆಯ ಮತಪತ್ರ ಗುಪ್ತವಾದದ್ದು. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತಮೌಲ್ಯ ಸಿಗದಿದ್ದರೆ ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು, ಅವರ ಮತಪತ್ರಗಳನ್ನು ಅವುಗಳಲ್ಲಿನ ಮುಂದಿನ ಗುರುತಿಗೆ ವರ್ಗಾಯಿಸುವುದರಿಂದ, ಎರಡನೆಯ ಸುತ್ತಿನ ಚುನಾವಣೆಯೊಂದು ಅದೇ ಕಾಗದದ ಮೇಲೆ ಮುಗಿದುಹೋಗುತ್ತದೆ. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಬೆಂಬಲದ ಸಿ.ಡಿ. ದೇಶಮುಖರಿಗೆ 1,12,769 ಬಂದಿದ್ದವು. ವರ್ಗಾವಣೆ ಮುಗಿದಾಗ ಗಿರಿ 4,20,077ಕ್ಕೂ ರೆಡ್ಡಿ 4,05,427ಕ್ಕೂ ನಿಂತರು. ಈ ಅಂಕಿಗಳನ್ನು ಕಳೆದು ನೋಡಿದರೆ, ಹೊಸದಾಗಿ ಬಂದದ್ದು ರೆಡ್ಡಿಯವರಿಗೆ 91 ಸಾವಿರಕ್ಕೂ ಹೆಚ್ಚು, ಗಿರಿಯವರಿಗೆ 18 ಸಾವಿರದಷ್ಟು ಮಾತ್ರ. ನಿಜಲಿಂಗಪ್ಪನವರು ಆ ಎರಡು ಪಕ್ಷಗಳ ನಾಯಕರನ್ನು ಕಂಡು ಎರಡನೆಯ ಪ್ರಾಶಸ್ತ್ಯವನ್ನು ಕೇಳಿದ್ದರು. ಕೇಳಿದ್ದು ಬಹುಮಟ್ಟಿಗೆ ದಕ್ಕಿತು, ಗೆಲುವು ದಕ್ಕಲಿಲ್ಲ. ಬೇಲಿ ದಾಟಿದ ಆರೋಪ ಒಂದೇ ಬಣದ ಮೇಲೆ ಹೊರಿಸುವಂಥದ್ದಲ್ಲ ಎಂಬುದಕ್ಕೆ ಇಷ್ಟು ಸಾಕು.

ಧರ್ಮಶಾಸ್ತ್ರ ಇಂಥ ಬಿಕ್ಕಟ್ಟನ್ನು ಅರಿಯದ್ದಲ್ಲ. ಮನುಸ್ಮೃತಿಯು ಧರ್ಮಕ್ಕೆ ಹೇಳುವ ನಾಲ್ಕು ಆಧಾರಗಳು ಶ್ರುತಿ, ಸ್ಮೃತಿ, ಸದಾಚಾರ ಮತ್ತು ಆತ್ಮತುಷ್ಟಿ, ಎಂದರೆ ತನ್ನ ಮನಸ್ಸಿಗೆ ಒಪ್ಪಿಗೆಯಾಗುವುದು. ಕೊನೆಯದಕ್ಕೆ ಕೊನೆಯ ಸ್ಥಾನವೇ ಏಕೆ ಎಂಬುದನ್ನು ವ್ಯಾಖ್ಯಾನಕಾರರು ಬಿಡಿಸಿದ್ದಾರೆ: ಅದು ಸಂಸ್ಕಾರ ಪಡೆದ ಮನಸ್ಸಿಗೆ ಮಾತ್ರ ಪ್ರಮಾಣ, ಅದೂ ಎರಡು ದಾರಿಗಳನ್ನು ಶಾಸ್ತ್ರವೇ ತೆರೆದಿಟ್ಟಲ್ಲಿ. ಈ ಎಚ್ಚರಿಕೆ ಅನಗತ್ಯವಲ್ಲ. ಕಾಳಿದಾಸನ ದುಷ್ಯಂತ ಶಕುಂತಲೆಯನ್ನು ಕಂಡೊಡನೆ ತನ್ನ ಅಂತಃಕರಣವನ್ನೇ ಸಾಕ್ಷಿಗೆ ಕರೆಯುತ್ತಾನೆ. ಸಾಕ್ಷಿ ಹೇಳಿದ್ದೂ ಅವನ ಆಸೆಯೂ ಒಂದೇ ಆಗಿದ್ದವು.

ಅಷ್ಟಕ್ಕೂ ಆತ್ಮಸಾಕ್ಷಿಗೆ ಕರೆ ಕೊಡಬಹುದೇ? ಟಿಕೆಟ್ಟನ್ನೂ ಮಂತ್ರಿಪದವಿಯನ್ನೂ ಕೊಡಬಲ್ಲವರು ಕರೆದಾಗ ಓಗೊಡುವುದರಲ್ಲಿ ಸಾಕ್ಷಿ ಎಷ್ಟು, ವಿಧೇಯತೆ ಎಷ್ಟು ಎಂದು ಅಳೆಯುವುದು ಕಷ್ಟ. ಕುರುಕ್ಷೇತ್ರದಲ್ಲಿ ಧರ್ಮರಾಜನೂ ಬರುವವರಿದ್ದರೆ ಬರಲಿ ಎಂದು ಕೂಗಿ ಕರೆದ. ಆದರೆ ಕರೆ ಕೇಳಿ ದಾಟಿಬಂದ ಧೃತರಾಷ್ಟ್ರನ ಮಗ ಯುಯುತ್ಸುವಿನ ಮೇಲೆ ಅವನಿಗೆ ಯಾವ ಅಧಿಕಾರವೂ ಇರಲಿಲ್ಲ, ಯುಯುತ್ಸು ದಾಟಿದ್ದು ಎರಡೂ ಸೇನೆಗಳ ಕಣ್ಣೆದುರು. ಪಾಳಯ ಬದಲಿಸುವುದೇ ಅಧರ್ಮವಲ್ಲ. ಹಾಕಿದ ಸಹಿಯನ್ನು ಹಿಂತೆಗೆದುಕೊಳ್ಳದೆ ಬದಲಿಸುವುದು ಅಧರ್ಮ. 1969ರಲ್ಲಿ ಪ್ರಧಾನಿಯವರಿಂದ ಆದ ಲೋಪ ಅದು. ಗುಪ್ತ ಮತಪತ್ರವು ನೂರಾರು ಶಾಸಕರನ್ನು ಈ ಪರೀಕ್ಷೆಯಿಂದಲೇ ಪಾರುಮಾಡಿತು, ಏಕೆಂದರೆ ಯಾರ ಸಾಕ್ಷಿ ಏನೆಂದಿತು ಎಂದು ಕೇಳುವ ದಾರಿಯೇ ಅಲ್ಲಿರಲಿಲ್ಲ. ರಾಜ್ಯಸಭೆಯ ಚುನಾವಣೆಗೆ 2003ರಲ್ಲಿ ಬಂದ ತಿದ್ದುಪಡಿಯಂತೆ ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಕರ್ನಾಟಕದಲ್ಲಿ ಆ ಬಳಿಕವೂ ಅಡ್ಡಮತಗಳು ಬಿದ್ದಿವೆ, ಹಾಕಿದವರ ಹೆಸರು ಮಾತ್ರ ಅಂದೇ ತಿಳಿಯುತ್ತದೆ.

1969ರ ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಗಿರಿಯವರ ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 1970ರಲ್ಲಿ ತಳ್ಳಿಹಾಕಿತು. ಸಂಜೀವ ರೆಡ್ಡಿಯವರು 1977ರಲ್ಲಿ ಆಗಿನ ಕರ್ನೂಲು ಜಿಲ್ಲೆಯ ನಂದ್ಯಾಲದಿಂದ ಜನತಾ ಪಕ್ಷದ ಅಭ್ಯರ್ಥಿಯಾಗಿ ಲೋಕಸಭೆಗೆ ಗೆದ್ದು, ಅದೇ ವರ್ಷ ರಾಷ್ಟ್ರಪತಿಯಾದರು. ಆಯ್ಕೆ ಅವಿರೋಧವಾಗಿದ್ದುದರಿಂದ ಆ ಸಲ ಮತದಾನವೇ ನಡೆಯಲಿಲ್ಲ.