ಚಿಪ್ಪಿನೊಳಗಿನ ಮಡಿ

ಸ್ವತಂತ್ರ ತಂತ್ರಾಂಶವೆಂಬುದು ಬೆಲೆಯ ಮಾತಲ್ಲ. ಬಳಸುವವರು ಅದನ್ನು ಓದಿ, ತಿದ್ದಿ, ಇತರರಿಗೆ ಹಂಚಬಹುದೆಂಬ ಹಕ್ಕಿನ ಮಾತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಸಾರಿದಂದಿನಿಂದ ಈ ಹಕ್ಕು ಅನೇಕರ ಪಾಲಿಗೆ ವ್ರತವೇ ಆಗಿದೆ. ಆ ವ್ರತಕ್ಕೆ ಕಠಿಣ ಪರೀಕ್ಷೆ ಎದುರಾಗುವುದು ವೈಫೈ ಕಾರ್ಡಿನ ಮುಂದೆ.

ಡೆಬಿಯನ್ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಿದ ಲ್ಯಾಪ್‌ಟಾಪಿನಲ್ಲಿ, ಕಾರ್ಡಿನೊಡನೆ ಮಾತಾಡುವ ತಂತ್ರಾಂಶ, ಅಂದರೆ ಡ್ರೈವರ್, ಸಾಮಾನ್ಯವಾಗಿ ಮುಕ್ತವಾಗಿಯೇ ಇರುತ್ತಿತ್ತು. ಆದರೆ ಕಾರ್ಡಿನ ಒಳಗೇ ಓಡಬೇಕಾದ ಫರ್ಮ್‌ವೇರ್ ಎಷ್ಟೋ ಕಡೆ ತಯಾರಕರ ಗುಟ್ಟಿನ ಸ್ವತ್ತಾದ್ದರಿಂದ ಅದು ಅಧಿಕೃತ ಅನುಸ್ಥಾಪಕದಲ್ಲಿ ಬರುತ್ತಿರಲಿಲ್ಲ. ಫರ್ಮ್‌ವೇರ್ ಲೋಡ್ ಆಗಲಿಲ್ಲವೆಂದು ವ್ಯವಸ್ಥೆಯ ತಿರುಳಾದ ಕರ್ನೆಲ್ ಒಂದು ಸಾಲು ಬರೆಯುತ್ತಿತ್ತು. ಅದರ ಕೊನೆಯ ದೋಷಸಂಖ್ಯೆ ಮೈನಸ್ 2, ಎಂದರೆ ಅಂಥ ಕಡತವಿಲ್ಲ. ಕಡತ ತರಲು ಜಾಲಸಂಪರ್ಕ ಬೇಕು, ಸಂಪರ್ಕಕ್ಕೆ ಆ ಕಡತವೇ ಬೇಕು. ಎಷ್ಟೋ ಸಲ ಬೇರೊಂದು ಯಂತ್ರದಿಂದ ಪೆನ್‌ಡ್ರೈವಿನಲ್ಲಿ ಹೊತ್ತು ತರಬೇಕಾಗುತ್ತಿತ್ತು.

ಇಲ್ಲಿ ಏಳುವುದು ಸಾಧನಶುದ್ಧಿಯ ಪ್ರಶ್ನೆ: ಸ್ವಾತಂತ್ರ್ಯವೆಂಬ ಸಾಧ್ಯವನ್ನು ಸ್ವತಂತ್ರವಲ್ಲದ ಸಾಧನದಿಂದ ಮುಟ್ಟಬಹುದೇ? ಮುಚ್ಚಿದ ಫರ್ಮ್‌ವೇರನ್ನು ಸ್ವತಂತ್ರ ವ್ಯವಸ್ಥೆ ಹಂಚಕೂಡದೆಂಬುದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. ಆದರೆ ತಯಾರಿಕೆಯಲ್ಲೇ ಚಿಪ್ಪಿನೊಳಗೆ ಬರೆದು ಮುಗಿಸಿದ, ಮುಂದೆ ಬದಲಾಗದ ಸಂಕೇತವನ್ನು ಅದೇ ಸಂಸ್ಥೆ ಯಂತ್ರಭಾಗಕ್ಕೆ ಸಮವೆಂದು ಬಗೆಯುತ್ತದೆ. ಇದಕ್ಕೆ ತರ್ಕವಿಲ್ಲದಿಲ್ಲ; ತಯಾರಕನೂ ಬದಲಿಸಲಾರದ್ದರ ವಿಷಯದಲ್ಲಿ ಅವನೂ ಬಳಕೆದಾರನೂ ಸರಿಸಮಾನರು. ಆದರೂ ಡಿಸ್ಕಿನಲ್ಲಿದ್ದಾಗ ಮೈಲಿಗೆಯಾದ ಸಂಕೇತವೇ ಚಿಪ್ಪಿನಲ್ಲಿ ಹುದುಗಿದೊಡನೆ ಮಡಿಯಾಗುವುದಾದರೆ, ಕಣ್ಣಿಗೆ ಬೀಳದ್ದನ್ನು ಇಲ್ಲವೆಂದೇ ಎಣಿಸುವ ಅಪಾಯ ತೀರ ಹತ್ತಿರದಲ್ಲಿದೆ. ಡಿಸ್ಕಿನ ಕಡತದ ಜಾಗದಲ್ಲಿ ಮುಂದೊಂದು ದಿನ ಮುಕ್ತವಾದುದನ್ನು ಇಡಬಹುದು. ಹುದುಗಿಸಿಟ್ಟದ್ದಕ್ಕೆ ಆ ದಾರಿಯೂ ಇಲ್ಲ.

ಡೆಬಿಯನ್ ತನ್ನ 1997ರ ಸಾಮಾಜಿಕ ಒಪ್ಪಂದದಲ್ಲಿ ಪೂರ್ಣ ಸ್ವತಂತ್ರವಾಗಿ ಉಳಿಯುವ ಮಾತು ಕೊಟ್ಟಿತ್ತು. ಬಳಕೆದಾರರೂ ತನ್ನ ಆದ್ಯತೆಯೆಂದು ಅದೇ ಒಪ್ಪಂದದಲ್ಲಿ ಬರೆದಿತ್ತು. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡ ಸಮುದಾಯ 2022ರಲ್ಲಿ ಮತ ಹಾಕಿ ಒಪ್ಪಂದವನ್ನೇ ತಿದ್ದಿತು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರ್ ಅಧಿಕೃತ ಅನುಸ್ಥಾಪಕದಲ್ಲೇ ಬರುತ್ತದೆ. ಆದರೆ ಸ್ವತಂತ್ರವಲ್ಲದ್ದೆಂಬ ಹೆಸರು ಹೊತ್ತ ಪ್ರತ್ಯೇಕ ವಿಭಾಗದಲ್ಲಿ, ಬೇಡವೆನ್ನುವವರು ದೂರವಿಡಬಹುದಾದ ಅವಕಾಶದೊಂದಿಗೆ. ಇದು ವ್ರತಭಂಗವೆಂದು ಕಂಡರೆ ಆಶ್ಚರ್ಯವಿಲ್ಲ. ಆದರೆ ಮೈಲಿಗೆಯನ್ನು ಮೈಲಿಗೆಯೆಂದೇ ಕರೆದು ಎದುರಿಗಿಟ್ಟ ಈ ನಡೆ, ಕಾಣದಂತೆ ಹುದುಗಿಸಿದ ಮಡಿಗಿಂತ ಹೆಚ್ಚು ಸತ್ಯವಾದುದು.

ಎರಡಕ್ಕೂ ಹೊರತಾದ ಮೂರನೆಯ ದಾರಿಯೂ ಒಮ್ಮೆ ತೆರೆದಿತ್ತು. 2013ರಲ್ಲಿ ಚಿಪ್ ತಯಾರಕ ಕ್ವಾಲ್‌ಕಾಮ್ ಅಥೆರೋಸ್ ತನ್ನ ಎಆರ್9271 ವೈಫೈ ಚಿಪ್ಪಿನ ಫರ್ಮ್‌ವೇರಿನ ಮೂಲಸಂಕೇತವನ್ನೇ ಬಿಡುಗಡೆ ಮಾಡಿತು. ಆ ಚಿಪ್ಪಿನ ಪುಟ್ಟ ಯುಎಸ್‌ಬಿ ಅಡಾಪ್ಟರ್ ಇಂದಿನ ವೈಫೈ ವೇಗದ ಮುಂದೆ ನಿಧಾನವಾದರೂ, ಅದರೊಳಗೆ ಓಡುವ ಸಂಕೇತವನ್ನು ಓದಬಲ್ಲವರು ಯಾರೇ ಆಗಲಿ ಬಿಚ್ಚಿ ಓದಬಹುದು.