ಅಗಲಿದ ಕುಮಾರನಿಗೆ ಏನು ಸಲ್ಲುತ್ತದೆ?

ಕಳೆದ ದೀಪಾವಳಿಯ ಮರುವಾರ, ನಾನು ಲೆಕ್ಕಪತ್ರ ನೋಡಿಕೊಳ್ಳುವ ಬಸದಿಯ ಕಚೇರಿಗೆ ಶ್ರಾವಕರೊಬ್ಬರು ಬಂದರು. ಅದಕ್ಕೆ ಒಂದು ವರ್ಷ ಹಿಂದೆ ಅವರ ಒಬ್ಬನೇ ಮಗ ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಿದ್ದನು. ಮಗನ ಸ್ಮರಣಾರ್ಥವಾಗಿ ಬಸದಿಯ ಪ್ರಾಕಾರಕ್ಕೆ ಕಲ್ಲು ಹಾಸಿಸುವ ವೆಚ್ಚವನ್ನು ತಾವೇ ವಹಿಸಿಕೊಳ್ಳುವುದಾಗಿ ಹೇಳಿದರು. ನಾನು ರಸೀದಿ ಬರೆಯುತ್ತಿದ್ದಾಗ ತಗ್ಗಿದ ದನಿಯಲ್ಲಿ ಕೇಳಿದರು: “ಇದು ಅವನಿಗೆ ಮುಟ್ಟುತ್ತದೆಯೇ?”

ಸ್ವಾಧ್ಯಾಯ ಮಂಡಳಿಯಲ್ಲಿ ಇಪ್ಪತ್ತು ವರ್ಷ ಕುಳಿತವನು ಈ ಪ್ರಶ್ನೆಗೆ ತಡವರಿಸಬಾರದು. ಆದರೂ ನಾನು ರಸೀದಿಯನ್ನು ಹರಿದು ಅವರ ಕೈಗಿತ್ತು, ಮಳೆ ಬೆಳೆಯ ಮಾತನಾಡಿ ಕಳಿಸಿಬಿಟ್ಟೆನು. ಆ ದಿನ ಬಾಯಿಗೆ ಬಾರದೆ ಉಳಿದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಶಾಸ್ತ್ರದ ನಿಲುವಿನಲ್ಲಿ ಸಂದಿಗ್ಧವೇನೂ ಇಲ್ಲ. ಮಾಡಿದವನೇ ಉಣ್ಣಬೇಕು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ನಾಲ್ಕನೆಯದಾದ ಏಕತ್ವವನ್ನು ನಾವು ಪ್ರತಿದಿನ ಭಾವಿಸುವುದು ಇದನ್ನು ಮರೆಯದಿರಲೆಂದೇ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ಮುಗಿಸುವಾಗ, ದಾನದ ಫಲದಲ್ಲಿ ಹೆಚ್ಚುಕಡಿಮೆಯಾಗಲು ಕಾರಣಗಳನ್ನು ಹೇಳುತ್ತಾರೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ. ಈ ನಾಲ್ಕರಲ್ಲಿ ಅಗಲಿದವನಿಗೆ ಸ್ಥಾನವಿಲ್ಲ. ಅವನು ದಾತೃವೂ ಅಲ್ಲ, ಪಾತ್ರನೂ ಅಲ್ಲ. ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ ಒಬ್ಬನ ಖಾತೆಯಿಂದ ಇನ್ನೊಬ್ಬನ ಖಾತೆಗೆ ಪುಣ್ಯವನ್ನು ವರ್ಗಾಯಿಸುವ ಚೀಟಿ ನಮ್ಮ ಧರ್ಮದಲ್ಲಿ ಅಚ್ಚಾಗಿಲ್ಲ.

ಅಂತಹ ಚೀಟಿ ಇದ್ದಿದ್ದರೆ ಚೆನ್ನಾಗಿತ್ತೆಂದು ಮಗನನ್ನು ಕಳೆದುಕೊಂಡವರಿಗೆ ಅನ್ನಿಸುವುದು ಸಹಜ. ಆದರೆ ಜಮೆ ವರ್ಗವಾಗುವುದಾದರೆ ಖರ್ಚೂ ವರ್ಗವಾಗಬೇಕಷ್ಟೆ. ತಂದೆತಾಯಿಗಳ ಪುಣ್ಯವು ಮಗನನ್ನು ಮುಟ್ಟಬಹುದಾದರೆ ಅವರ ಪಾಪವೂ ಮುಟ್ಟದೆ ಬಿಟ್ಟೀತೆ? ಇದನ್ನು ಯೋಚಿಸಿದಾಗಲೆಲ್ಲ ನನಗೆ ಹೊಂಬುಜದ ಐತಿಹ್ಯದಲ್ಲಿ ಬರುವ ಒಬ್ಬ ರಾಜಕುಮಾರನು ನೆನಪಾಗುತ್ತಾನೆ.

ಹೊಂಬುಜವೆಂದೊಡನೆ ಜಿನದತ್ತರಾಯನನ್ನು ನೆನೆಯುತ್ತೇವೆ. ಉತ್ತರ ಮಧುರೆಯ ಅರಸನ ಮಗನಾದ ಅವನು ತಂದೆಯ ಕ್ರೌರ್ಯಕ್ಕೆ ಸಿಲುಕದೆ, ಪದ್ಮಾವತಿಯಮ್ಮನವರ ಚಿನ್ನದ ಪ್ರತಿಮೆಯೊಡನೆ ಕುದುರೆಯೇರಿ ದಕ್ಷಿಣಕ್ಕೆ ಬಂದು ಲಕ್ಕಿ ಮರದಡಿ ನೆಲೆಯಾದ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದ ಮಗುವಿಲ್ಲ. ಆ ಕಥೆಯ ಹಲವು ಪಾಠಗಳಲ್ಲಿ ಮಾರಿದತ್ತನೆಂಬ ಇನ್ನೊಬ್ಬ ಮಗನಿದ್ದಾನೆ. ಅರಸನು ಮೋಹಿಸಿ ತಂದ ಬೇಡರ ಹೆಣ್ಣಿನಲ್ಲಿ ಹುಟ್ಟಿದವನು. ತನ್ನ ಮಗನಿಗೆ ಪಟ್ಟವಾಗಲೆಂದು ಆಕೆ ಸಂಚು ಹೂಡಿದಳು: ಬೆಳಿಗ್ಗೆ ಯಾವನು ಹಣ್ಣನ್ನು ತಂದುಕೊಡುವನೋ ಅವನನ್ನು ಕೊಲ್ಲತಕ್ಕದ್ದೆಂದು ಬಾಣಸಿಗನಿಗೆ ಅಪ್ಪಣೆಯಾಯಿತು, ಹಣ್ಣನ್ನು ಜಿನದತ್ತನ ಕೈಯಲ್ಲಿ ಕೊಟ್ಟು ಕಳಿಸಿದರು. ದಾರಿಯಲ್ಲಿ ಎದುರಾದ ಮಾರಿದತ್ತನು ಆ ಹಣ್ಣನ್ನು ತಾನು ತೆಗೆದುಕೊಂಡು ಹೋದನು. ಹೋದವನು ಮರಳಲಿಲ್ಲ.

ಕಥೆ ಹೇಳುವವರು ಇಲ್ಲಿ ನಿಲ್ಲುವುದಿಲ್ಲ. ಜಿನದತ್ತನ ಕುದುರೆಯ ಹಿಂದೆ ಓಡುತ್ತಾರೆ. ತಾಯಿ ಮಾಡಿದ್ದನ್ನು ಮಗ ಉಂಡನೆಂದು ಒಂದು ಮಾತಿನಲ್ಲಿ ಮುಗಿಸುವವರೂ ಉಂಟು. ಅದು ಜೈನರ ಬಾಯಲ್ಲಿ ಬರಬಾರದ ಮಾತು. ಆ ಹುಡುಗನು ಯಾವ ಪಾಪವನ್ನೂ ಕುರಿತು ಆಲೋಚಿಸಿರಲಿಲ್ಲ. ಅಣ್ಣನ ಕೈಯ ಕೆಲಸವೊಂದನ್ನು ತಾನು ಮಾಡಿಕೊಟ್ಟನು, ಅಷ್ಟೆ. ತಾಯಿಯ ಪಾಪವು ತಾಯಿಯದೇ. ಆಕೆ ಮಗನ ಹೆಸರಿನಲ್ಲಿ ಅನಂತರ ಏನೇನು ಪುಣ್ಯಕಾರ್ಯ ಮಾಡಿದ್ದರೂ ಅದು ಕೂಡ ಆಕೆಯದೇ.

ನಾನು ಈ ಕಥೆಯಲ್ಲಿ ಮಾರಿದತ್ತನ ಬಳಿಯೇ ನಿಂತುಬಿಡುವುದಕ್ಕೆ ಕಾರಣವಿದೆ. 2009ರ ಜುಲೈ ತಿಂಗಳಲ್ಲಿ, ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದಾಗ, ನನ್ನ ಹಿರಿಯ ಮಗನನ್ನು ಸಾಗರದಿಂದ ತೀರ್ಥಹಳ್ಳಿಯ ಕಡೆಗೆ ಬಾಕಿ ವಸೂಲಿಗೆ ಕಳಿಸಿದೆನು. ಹದಿನೆಂಟು ಸಾವಿರ ರೂಪಾಯಿಯ ಬಾಕಿ. ಅಡಿಕೆ ಬೆಳೆಗಾರರೊಬ್ಬರು ಎರಡು ವರ್ಷದಿಂದ ಮುಂದೂಡುತ್ತಿದ್ದರು. “ನಾಳೆ ಹೋಗುತ್ತೇನೆ, ಈವತ್ತು ಹೊಳೆ ತುಂಬಿದೆ” ಎಂದು ಅವನು ಅಂದನು. “ನಾಳೆಯೆಂದು ಹೇಳಿಯೇ ಅವರು ಎರಡು ವರ್ಷ ಕಳೆದರು” ಎಂದು ನಾನು ಅಂದೆನು. ಕತ್ತಲಾದ ಮೇಲೆ, ಹೊಸನಗರ ದಾಟಿದ ಸ್ವಲ್ಪ ಹೊತ್ತಿಗೆ, ರಸ್ತೆಗೆ ಅಡ್ಡಲಾಗಿ ಬಿದ್ದಿದ್ದ ಮರಕ್ಕೆ ಅವನ ಬೈಕು ಬಡಿಯಿತು. ಇಪ್ಪತ್ತಮೂರು ವರ್ಷ. ಬಿ.ಕಾಂ. ಮುಗಿಸಿ ಅಂಗಡಿಯ ಗಲ್ಲೆಯ ಮುಂದೆ ಕುಳಿತು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅರಸರ ಮನೆಯಲ್ಲಿ ಯುವರಾಜನೆನ್ನುತ್ತಾರೆ. ನಮ್ಮಲ್ಲಿ ‘ಮುಂದೆ ಅಂಗಡಿ ನೋಡಿಕೊಳ್ಳುವವನು’ ಎನ್ನುತ್ತೇವೆ.

ಸಂತೈಸಲು ಬಂದವರೆಲ್ಲ ಒಂದೇ ಮಾತನ್ನು ಹೇಳಿದರು: “ಅವನ ಆಯುಷ್ಯ ಅಷ್ಟೇ ಇತ್ತು.” ಸ್ವಾಧ್ಯಾಯದ ಗೆಳೆಯರೊಬ್ಬರು ಕುಂದಕುಂದಾಚಾರ್ಯರನ್ನೇ ಸಾಕ್ಷಿಗೆ ಕರೆದರು. ಕುಂದಾದ್ರಿಯ ನೆರಳಿನಲ್ಲಿ ಬೆಳೆದವರು ನಾವು. ಸಮಯಸಾರದ ಬಂಧಾಧಿಕಾರವನ್ನು ಅರೆಬರೆಯಾದರೂ ಬಲ್ಲೆವು. ನಾನು ಪರರನ್ನು ಕೊಲ್ಲುತ್ತೇನೆ, ನಾನು ಪರರನ್ನು ಬದುಕಿಸುತ್ತೇನೆ ಎಂದು ತಿಳಿಯುವವನು ಮೂಢನೆಂದೂ, ಆಯುಃಕರ್ಮದ ಕ್ಷಯದಿಂದಲೇ ಮರಣವೆಂದೂ ಅಲ್ಲಿ ಹೇಳಿದೆ. ಆದುದರಿಂದ ನೀನು ಕಾರಣನಲ್ಲ ಎಂಬುದು ಗೆಳೆಯರ ಸಮಾಧಾನ.

ನಾನು ಆ ಸಮಾಧಾನವನ್ನು ಮೂರು ವರ್ಷ ಹಿಡಿದುಕೊಂಡಿದ್ದೆನು. ಆಮೇಲೆ ಒಂದು ಚಾತುರ್ಮಾಸದಲ್ಲಿ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವನ್ನು ಮತ್ತೆ ಓದುವಾಗ ಅದರ ಕೊನೆಯ ಸೂತ್ರದಲ್ಲಿ ಕಾಲು ತೊಡರಿತು. ದೇವ ನಾರಕರು, ಚರಮೋತ್ತಮ ದೇಹಿಗಳು, ಅಸಂಖ್ಯಾತ ವರ್ಷಗಳ ಆಯುಷ್ಯವುಳ್ಳವರು — ಇವರ ಆಯುಷ್ಯವು ನಡುವೆ ಕುಗ್ಗುವುದಿಲ್ಲವೆಂದು ಆ ಸೂತ್ರ. ಅಂದರೆ ಉಳಿದವರಿಗೆ ಆ ನಿಯಮವಿಲ್ಲ. ವಿಷ, ಶಸ್ತ್ರ ಮೊದಲಾದ ಬಾಹ್ಯ ನಿಮಿತ್ತಗಳಿಂದ ನಮ್ಮಂತಹವರ ಆಯುಷ್ಯವು ಕಡಿಮೆಯಾಗಬಹುದೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಆಯುಷ್ಯ ಅಷ್ಟೇ ಇತ್ತೆಂಬ ಮಾತು, ನಾವು ಹೇಳುವಷ್ಟು ನಿಶ್ಚಿಂತೆಯಿಂದ ಶಾಸ್ತ್ರವು ಹೇಳುವ ಮಾತಲ್ಲ. ಇನ್ನು ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಾಣಹಾನಿಗೆ ಮೊದಲು ಪ್ರಮಾದವನ್ನು ಇಟ್ಟಿದ್ದಾರೆ. ಆ ಸಂಜೆ ನನ್ನಲ್ಲಿದ್ದುದು ಅದೇ. ಹೊಳೆಯ ನೀರನ್ನು ಲೆಕ್ಕಕ್ಕೆ ಹಿಡಿಯದೆ ಬಾಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿದ ಪ್ರಮಾದ.

ಗೆಳೆಯರು ತೋರಿಸಿದ ಬಂಧಾಧಿಕಾರವನ್ನೇ ಮುಂದಕ್ಕೆ ಓದಿದರೂ ಬಿಡುಗಡೆಯಿಲ್ಲ. ಜೀವಿಯು ಸಾಯಲಿ, ಸಾಯದಿರಲಿ, ಬಂಧವು ಅಧ್ಯವಸಾನದಿಂದ, ಎಂದರೆ ಒಳಗಿನ ಭಾವದಿಂದ ಆಗುತ್ತದೆ ಎಂಬುದು ಅಲ್ಲಿಯ ತಾತ್ಪರ್ಯ. ಮರ ಬೀಳದಿದ್ದರೂ, ಮಗನು ಕ್ಷೇಮವಾಗಿ ಮರಳಿ ಬಂದಿದ್ದರೂ, ಆ ಸಂಜೆಯ ನನ್ನ ಲೋಭವು ನನ್ನ ಖಾತೆಯಲ್ಲಿ ಬರೆಯಲ್ಪಟ್ಟೇ ಇರುತ್ತಿತ್ತು. ವಿಚಿತ್ರವೆಂದರೆ, ಇದನ್ನು ತಿಳಿದಾಗ ನನಗೆ ಸಂಕಟಕ್ಕಿಂತ ಹೆಚ್ಚಾಗಿ ಒಂದು ಬಗೆಯ ನೆಲೆ ಸಿಕ್ಕಿತು. ಎಷ್ಟು ನನ್ನದು, ಎಷ್ಟು ಅಲ್ಲ ಎಂಬುದು ಗೊತ್ತಾಯಿತು. ಮರವನ್ನು ಬೀಳಿಸಿದವನು ನಾನಲ್ಲ. ಕಳಿಸಿದವನು ನಾನು.

ಹೀಗಿರುವಾಗ ಅಗಲಿದವನಿಗಾಗಿ ಉಳಿದವರು ಮಾಡತಕ್ಕದ್ದು ಏನೂ ಇಲ್ಲವೇ? ಈ ಪ್ರಶ್ನೆಯೊಡನೆ ನಾನು ಹೊಂಬುಜದ ಪಂಚಕೂಟ ಬಸದಿಯ ಮುಂದೆ ಎಷ್ಟೋ ಸಲ ಕುಳಿತಿದ್ದೇನೆ. ಒಂದೇ ಸಾಲಿನಲ್ಲಿ ಐದು ಗರ್ಭಗೃಹಗಳು. ಮುಂದೆ ಎತ್ತರವಾದ ಮಾನಸ್ತಂಭ. ಉರ್ವೀತಿಲಕವೆಂದು ಅದರ ಹೆಸರು. ಶಕ 999ರಲ್ಲಿ, ಎಂದರೆ ಕ್ರಿ.ಶ. 1077ರಲ್ಲಿ, ಇದನ್ನು ಮಾಡಿಸಿದವಳು ಚಟ್ಟಲದೇವಿ. ರಕ್ಕಸಗಂಗನ ಮನೆತನದ ಹೆಣ್ಣುಮಗಳು, ಪಲ್ಲವ ಕುಲದ ಕಾಡುವೆಟ್ಟಿಯ ರಾಣಿ. ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ತಂಗಿ ವೀರಲದೇವಿ ಮೊದಲಾದ ಅಗಲಿದ ಬಂಧುಗಳ ನೆನಪಿಗಾಗಿ ಈ ಜಿನಾಲಯ ಎದ್ದಿತು. ಆಕೆಯ ತವರಾದ ಗಂಗರ ರಾಜ್ಯವಂತೂ ಹನ್ನೊಂದನೆಯ ಶತಮಾನದ ಮೊದಲಲ್ಲೇ ಚೋಳರ ಪಾಲಾಗಿತ್ತು. ಪತಿಯನ್ನೂ ಮಗನನ್ನೂ ಆಕೆ ಬೇಗನೆ ಕಳೆದುಕೊಂಡಳೆಂದು ಚರಿತ್ರಕಾರರು ಹೇಳುತ್ತಾರೆ.

ಆ ಮಗನಿಗೆ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕಿರುವುದು ಅರ್ಧ ವಾಕ್ಯ. ಪಟ್ಟಕ್ಕೆ ಬರಬೇಕಾಗಿದ್ದ ಹುಡುಗನ ಬಾಳೆಲ್ಲ ತಾಯಿಯ ವೃತ್ತಾಂತದಲ್ಲಿ ಒಂದು ಪದವಾಗಿ ಉಳಿದಿದೆ. ಆ ಅರ್ಧ ವಾಕ್ಯವನ್ನು ಪೂರ್ತಿಗೊಳಿಸುವ ಉಳಿದರ್ಧದಲ್ಲಿ ಮಾತ್ರ ನಾಲ್ಕು ಹುಡುಗರಿದ್ದಾರೆ: ತೈಲ, ಗೊಗ್ಗಿಗ, ಒಡ್ಡುಗ, ಬರ್ಮ. ಅಗಲಿದ ತಂಗಿ ವೀರಲದೇವಿಗೂ ವೀರಶಾಂತರನಿಗೂ ಹುಟ್ಟಿದವರು. ಚಟ್ಟಲದೇವಿ ಇವರನ್ನು ತನ್ನ ಮಕ್ಕಳೆಂದು ಕೈಗೆತ್ತಿಕೊಂಡಳು. ತೈಲನು ಭುಜಬಲಶಾಂತರನಾಗಿ, ಗೊಗ್ಗಿಗನು ನನ್ನಿಶಾಂತರನಾಗಿ, ಒಡ್ಡುಗನು ವಿಕ್ರಮಶಾಂತರನಾಗಿ ಆಳಿದರು. ಪಂಚಕೂಟವನ್ನು ಕಟ್ಟುವಾಗ ದೊಡ್ಡಮ್ಮನೊಡನೆ ಕೈಜೋಡಿಸಿದವರು ಇದೇ ಮಕ್ಕಳು. ಕೆರೆ, ಬಾವಿ, ಅರವಟಿಗೆ, ಸತ್ರ, ತೋಪುಗಳನ್ನು ಆಕೆ ಮಾಡಿಸಿದಳೆಂದು ಶಾಸನವು ಹೊಗಳುತ್ತದೆ.

ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಇಷ್ಟವಿಯೋಗ ಒಂದು: ಪ್ರಿಯವಾದುದು ಅಗಲಿದಾಗ ಅದನ್ನೇ ಮತ್ತೆ ಮತ್ತೆ ನೆನೆದು ಹಂಬಲಿಸುವುದು. ನಿದಾನ ಇನ್ನೊಂದು: ಮಾಡಿದ ವ್ರತ ದಾನಗಳಿಗೆ ಪ್ರತಿಫಲವನ್ನು ಕೋರುವುದು. ಮಗನ ಹೆಸರಿನಲ್ಲಿ ಕಲ್ಲು ಹಾಸಿಸಿ, ಇದರಿಂದ ಅವನು ಮತ್ತೆ ನಮ್ಮ ಮನೆಯಲ್ಲೇ ಹುಟ್ಟಿಬರಲಿ ಎಂದು ಬಯಸಿದರೆ ಎರಡೂ ಒಟ್ಟಿಗೆ ಆಯಿತು. ನಾನು ಬಯಸಿದ್ದೇನೆ, ಆದುದರಿಂದ ಹೇಳುತ್ತಿದ್ದೇನೆ. ಹಾಗೆಂದು ಸ್ಮರಣೆಯೇ ದೋಷವೆಂದಲ್ಲ. ನಮ್ಮ ಶಾಸನಗಳಲ್ಲಿ ಅಗಲಿದವರ ನೆನಪಿಗೆ ಮಾಡಿಸಿದ್ದನ್ನು ‘ಪರೋಕ್ಷವಿನಯ’ ಎಂದು ಕರೆಯುವ ರೂಢಿಯುಂಟು. ವಿನಯವು ಅಭ್ಯಂತರ ತಪಸ್ಸುಗಳಲ್ಲಿ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಆಚಾರ್ಯರು ಎದುರಿಗಿಲ್ಲದಾಗಲೂ ಕೈಮುಗಿಯುವುದು, ಗುಣವನ್ನು ಹೇಳುವುದು, ಸ್ಮರಿಸುವುದು ವಿನಯವೇ ಎಂದು ಬರೆದಿದ್ದಾರೆ. ತಪಸ್ಸೆಂದ ಮೇಲೆ ಅದು ಮಾಡುವವನ ಹೊರೆ. ಅಗಲಿದವನಿಗೆ ಕಳಿಸುವ ಬುತ್ತಿಯಲ್ಲ. ಕೈಗಳು ಖಾಲಿಯಾದಾಗ ಚಟ್ಟಲದೇವಿ ಆ ಕೈಗಳಿಗೆ ಕೊಟ್ಟ ಕೆಲಸವನ್ನು ನಾನು ಈ ಅರ್ಥದಲ್ಲಿ ತಿಳಿಯುತ್ತೇನೆ. ಬಸದಿಗಿಂತ ಮೊದಲು ಆಕೆ ಮಾಡಿದ್ದು ಆ ನಾಲ್ವರಿಗೆ ಉಣ್ಣಿಸಿದ್ದು.

ಹೊಂಬುಜದಲ್ಲಿ ನಮ್ಮ ವೈಶ್ಯಸಮಾಜಕ್ಕೆ ಹತ್ತಿರದ ಹೆಸರೊಂದಿದೆ: 1062ರ ಸುಮಾರಿಗೆ ಪಟ್ಟಣಸ್ವಾಮಿ ಜಿನಾಲಯವನ್ನು ಕಟ್ಟಿಸಿದ ನೊಕ್ಕಯ್ಯಸೆಟ್ಟಿ. ಅವನೂ ಕೆರೆಗಳನ್ನು ಕಟ್ಟಿಸಿದವನೇ. ಇಂದು ನಮ್ಮ ಟ್ರಸ್ಟುಗಳಿಗೆ ಬರುವ ಸ್ಮರಣಾರ್ಥ ದಾನಗಳಲ್ಲಿ ಬಹುಭಾಗ ಕಲ್ಲಿಗೂ ಫಲಕಕ್ಕೂ ಹೋಗುತ್ತದೆ. ಫಲಕದ ಅಕ್ಷರಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ. ಕೆಲವು ಕಡೆ ಭಗವಂತನ ದರ್ಶನಕ್ಕೆ ಮೊದಲು ದಾನಿಗಳ ದರ್ಶನವಾಗುತ್ತದೆ. ಲೆಕ್ಕ ಬರೆಯುವ ನಾನೇ ಇದನ್ನು ಹೇಳುವುದು ಸಲ್ಲದೇನೋ. ಆಹಾರ, ಔಷಧ, ಶಾಸ್ತ್ರ, ಅಭಯವೆಂದು ನಾಲ್ಕು ದಾನಗಳನ್ನು ಹೇಳಿದ ಧರ್ಮದಲ್ಲಿ ಗ್ರಾನೈಟು ಐದನೆಯದಾಗಿ ಯಾವಾಗ ಸೇರಿತೋ ತಿಳಿಯದು.

ಆ ಹದಿನೆಂಟು ಸಾವಿರದ ಮಾತು ಉಳಿದಿದೆ. ಮಗನು ತೀರಿದ ತಿಂಗಳೊಳಗೆ ಆ ಬೆಳೆಗಾರರು ಸಾಲ ಮಾಡಿ ಹಣವನ್ನು ತಂದು ನನ್ನ ಮುಂದಿಟ್ಟು ಅತ್ತರು. ಬೇಡವೆನ್ನಲಾಗಲಿಲ್ಲ, ತೆಗೆದುಕೊಂಡೆನೆನ್ನಲೂ ಆಗಲಿಲ್ಲ. ಅನಾಮತ್ತು ಖಾತೆಯಲ್ಲಿ ಬರೆದು ಇಟ್ಟೆನು. ಪ್ರತಿ ವರ್ಷ ಲೆಕ್ಕ ಮುಗಿಸುವಾಗ ಅದು ಕಣ್ಣಿಗೆ ಬೀಳುತ್ತಿತ್ತು. ಮುಂದಿನ ಪುಸ್ತಕಕ್ಕೆ ಎಳೆದುಕೊಂಡು ಹೋಗುತ್ತಿದ್ದೆನು. ಲೆಕ್ಕಪರಿಶೋಧಕರು ಎರಡು ಸಲ ಕೇಳಿ ಸುಮ್ಮನಾದರು.

ಈ ವರ್ಷ ಮಳೆಗಾಲಕ್ಕೆ ಮುನ್ನ ಅದರ ಮೇಲೆ ಅಷ್ಟು ವರ್ಷಗಳ ಬಡ್ಡಿಯನ್ನು ಸೇರಿಸಿ, ಆ ಬೆಳೆಗಾರರ ಊರಿನಿಂದ ತೀರ್ಥಹಳ್ಳಿಗೆ ಬಂದು ಓದುತ್ತಿರುವ ಮೂವರು ಮಕ್ಕಳ ಶುಲ್ಕಕ್ಕೂ ಊಟ ವಸತಿಗೂ ಕೊಟ್ಟೆನು. ಅವರಲ್ಲಿ ಒಬ್ಬಳು ಅವರ ಮೊಮ್ಮಗಳು. ನಮ್ಮ ಟ್ರಸ್ಟಿನ ಮೂಲಕವೇ ಕೊಟ್ಟದ್ದರಿಂದ ರಸೀದಿಯನ್ನು ನಾನೇ ಬರೆಯಬೇಕಾಯಿತು. ದೀಪಾವಳಿಯಲ್ಲಿ ಬಂದಿದ್ದ ಆ ಶ್ರಾವಕರೂ ಅಂದು ಪೂಜೆಗೆ ಬಂದವರು ಕಚೇರಿಯಲ್ಲಿ ಕುಳಿತಿದ್ದರು. ನಾನು ಅವರಿಗೆ ಮೇಲಿನ ಸಂಗತಿಗಳನ್ನೆಲ್ಲ ಹೇಳಿದೆನು, ಮುಟ್ಟುವುದಿಲ್ಲವೆಂಬುದನ್ನೂ ಹೇಳಿದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಪ್ರಾಕಾರದ ಕಲ್ಲಿನ ಕೆಲಸ ಎಲ್ಲಿಯವರೆಗೆ ಬಂದಿದೆಯೆಂದು ವಿಚಾರಿಸಿದರು. ಅರ್ಧವಾಗಿದೆಯೆಂದೆನು. ಆ ಅರ್ಧ ಸಾಕು, ಉಳಿದ ಹಣಕ್ಕೆ ಈ ವರ್ಷ ಎಷ್ಟು ಮಕ್ಕಳ ಅರ್ಜಿ ಬಂದಿದೆ ನೋಡಿ ಎಂದರು.

ನನ್ನ ರಸೀದಿಯಲ್ಲಿ ‘ಸ್ಮರಣಾರ್ಥ’ ಎಂಬ ಕಡೆ ಜಾಗ ಖಾಲಿಯಿತ್ತು. ಖಾಲಿ ಬಿಡಬೇಕೆಂದೇ ಕುಳಿತಿದ್ದೆನು. ಬಿಡಲಾಗಲಿಲ್ಲ. ಮಗನ ಹೆಸರನ್ನು ಬರೆದೆನು.